ಎರಡು ತಗಡುಗಳ ನಡುವೆ

"ಅಪ್ಪ, ಇವತ್ತು ಆ ಕೊನೇ ಮಾತು ಬಿಟ್ಬಿಡಿ" ಎಂದು ಬೆಳಿಗ್ಗೆ ಕಾಫಿ ಲೋಟ ಮುಂದಿಡುತ್ತ ಪ್ರಿಯಾಂಕ ಹೇಳಿದ್ದು, ತುಮಕೂರಿನ ಸದಾಶಿವನಗರದ ಮನೆಯಿಂದ ಬಸ್‌ಸ್ಟ್ಯಾಂಡಿನವರೆಗೂ, ಗುಬ್ಬಿ ಬಸ್ಸು ಹತ್ತಿ ಕೂತಮೇಲೂ, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಸುಬ್ಬಕೃಷ್ಣರನ್ನು ಬಾಧಿಸುತ್ತಲೇ ಇತ್ತು. ಯಾಕೆ ಎಂದು ಅವರು ಕೇಳಿರಲಿಲ್ಲ. ಕೇಳುವುದೇನಿದೆ, ಗೊತ್ತಿದೆಯಲ್ಲ ಎಂದುಕೊಂಡು ಕಾಫಿಯನ್ನು ಬಿಸಿಬಿಸಿಯಾಗಿಯೇ ನುಂಗಿ ನಾಲಗೆ ಸುಟ್ಟುಕೊಂಡಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ತುಳಸಮ್ಮ ಗಂಡನನ್ನೊಮ್ಮೆ ಮಗಳನ್ನೊಮ್ಮೆ ನೋಡಿ ಒಳಗೆ ಹೋಗಿದ್ದಳು. ಈಗ ಪ್ರಿಯಾಂಕ ಬಸ್ಸಿನ ಮುಂಭಾಗದಲ್ಲಿ ಹೆಂಗಸರ ಸೀಟಿನಲ್ಲಿ ಕೂತಿದ್ದಾಳೆ. ಇಲ್ಲಿಂದ ಅವಳ ಕತ್ತಿನ ಹಿಂಭಾಗ, ಬಿಗಿಯಾಗಿ ಹೆಣೆದ ಜಡೆ, ಎಡಗಿವಿಯ ಓಲೆ ಇಷ್ಟೇ ಕಾಣುತ್ತದೆ. ಕುಣಿಗಲ್ಲಿನ ಖಾಸಗಿ ಜೂನಿಯರ್ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುವ ಹುಡುಗಿ. ಭಾನುವಾರ ಒಂದು ದಿನ ಮನೆಯಲ್ಲಿರಬಹುದಾಗಿತ್ತು. "ನಾನೂ ಬರ್ತೀನಿ" ಎಂದದ್ದು ಯಾಕೆ? ತಾವು ತಪ್ಪು ಹೇಳುವುದನ್ನು ಎದುರಿಗೇ ಕೂತು ನೋಡುವುದಕ್ಕಿರಬೇಕು. ಕತ್ತು ಅಭಿರಾಮನದೇ. ಅವನೂ ಹೀಗೆಯೇ ಕತ್ತನ್ನು ಸ್ವಲ್ಪ ಎಡಕ್ಕೆ ವಾಲಿಸಿ ಕೂರುತ್ತಿದ್ದ ಎಂದುಕೊಂಡದ್ದೇ ಸುಬ್ಬಕೃಷ್ಣರಿಗೆ ಮುಂದಿನ ಸೀಟಿನಲ್ಲಿ ಪ್ರಿಯಾಂಕ ಕಾಣದಾದಳು.

ಮಗ ಅಭಿರಾಮ ತೀರಿಕೊಂಡದ್ದು ದೇವರಾಯನದುರ್ಗದ ರಸ್ತೆಯ ತಿರುವಿನಲ್ಲಿ, ಗೆಳೆಯನ ಬೈಕಿನ ಹಿಂದೆ ಕೂತು. ಓಡಿಸುತ್ತಿದ್ದ ಹುಡುಗನ ಮೊಣಕೈ ತರಚಿತ್ತು, ಅಷ್ಟೆ. ಆ ಮೊಣಕೈಯ ಬಿಳಿ ಬ್ಯಾಂಡೇಜನ್ನು ನೋಡಿದಾಗ ತಮ್ಮೊಳಗೆ ಎದ್ದದ್ದು ದುಃಖವಲ್ಲ, ಇವನೇಕೆ ಉಳಿದ ಎಂಬ ಕ್ರೂರವಾದ ಸಿಟ್ಟು ಎನ್ನುವುದನ್ನು ಸುಬ್ಬಕೃಷ್ಣ ಯಾರಿಗೂ ಹೇಳಿರಲಿಲ್ಲ. ಕರ್ಮಗಳು ಮುಗಿದು ಕಾಲೇಜಿಗೆ ಹೋದ ದಿನ ಬೋರ್ಡಿನ ಮೇಲೆ ಎರಡು ಸಮಾನಾಂತರ ಗೆರೆ ಎಳೆದರು. ಎದುರುಬದುರಾದ ಎರಡು ಲೋಹದ ತಗಡು. ಬಿ.ಎಸ್‌ಸಿ. ಹುಡುಗರಿಗೆ ವರ್ಷವರ್ಷವೂ ಎಳೆದು ತೋರಿಸುವ ಅದೇ ಗೆರೆಗಳು. ಅವುಗಳ ನಡುವಿನ ಜಾಗಕ್ಕೆ ಬಂದಾಗ ಸೀಮೆಸುಣ್ಣ ಹಿಡಿದ ಕೈ ನಿಂತುಬಿಟ್ಟಿತು. ಹುಡುಗರು ಕಾಯುತ್ತಿದ್ದರು. ಏನಾದರೂ ಹೇಳಬೇಕಾಗಿತ್ತು. ಪಾಠದಲ್ಲಿಲ್ಲದ, ಯಾವಾಗಲೋ ಓದಿದ್ದ ಸಂಗತಿಯೊಂದು ಬಾಯಿಗೆ ಬಂತು. ಈ ತಗಡುಗಳಲ್ಲಿ ವಿದ್ಯುತ್ತಿಲ್ಲ, ಇವು ಅಯಸ್ಕಾಂತವಲ್ಲ, ಇವುಗಳ ನಡುವೆ ಗಾಳಿಯೂ ಇಲ್ಲ. ಆದರೂ ಕೂದಲೆಳೆ ಕೂಡ ಹೆಬ್ಬಂಡೆಯಾಗುವಷ್ಟು ಹತ್ತಿರಕ್ಕೆ ಇವನ್ನು ತಂದಿಟ್ಟರೆ ಒಂದನ್ನೊಂದು ಸೇರಲು ಹೊರಡುತ್ತವೆ. ಯಾಕೆಂದರೆ ಬರಿದು ಎನ್ನುವುದು ಬರಿದಲ್ಲ. ಅದು ಸದಾ ಕಂಪಿಸುತ್ತಿರುತ್ತದೆ. ತಗಡುಗಳ ನಡುವಿನ ಇಕ್ಕಟ್ಟಿನಲ್ಲಿ ಆ ಕಂಪನಗಳಲ್ಲಿ ಕೆಲವಕ್ಕೆ ಜಾಗವಿಲ್ಲ; ಹೊರಗೆ ಎಲ್ಲಕ್ಕೂ ಜಾಗವುಂಟು. ಆದ್ದರಿಂದ ಹೊರಗಿನ ಶೂನ್ಯ ತಗಡುಗಳನ್ನು ಒಳಕ್ಕೆ ಒತ್ತುತ್ತದೆ. ಕ್ಲಾಸು ಗಪ್‌ಚಿಪ್ಪಾಯಿತು. ಹಿಂದಿನ ಬೆಂಚಿನ ಒಬ್ಬಳು ಕಣ್ಣೊರೆಸಿಕೊಂಡಳು. ಮಗ ಸತ್ತ ಮೇಷ್ಟ್ರು ಶೂನ್ಯದ ಬಗ್ಗೆ ಮಾತಾಡುತ್ತಿದ್ದಾರೆ.

ಅಲ್ಲಿಂದ ಶುರುವಾದದ್ದು. ಮೊದಲು ಕಾಲೇಜಿನ ವಿಜ್ಞಾನ ಸಂಘ, ಆಮೇಲೆ ಹೆಬ್ಬೂರಿನ ಹೈಸ್ಕೂಲು, ರೋಟರಿ, ಮಠದ ಮಕ್ಕಳ ಶಿಬಿರ. ತುಮಕೂರಿನಲ್ಲಿ ಅವರಿಗೆ ಶೂನ್ಯದ ಮೇಷ್ಟ್ರು ಎಂಬ ಹೆಸರೇ ಬಿತ್ತು. ಉಪನ್ಯಾಸದ ಕೊನೆಯಲ್ಲಿ ಅಭಿರಾಮನ ಹೆಸರು ಹೇಳುವುದು ಯಾವಾಗ ಸೇರಿಕೊಂಡಿತೋ ನೆನಪಿಲ್ಲ. ಹೇಳಿದಮೇಲೆ ಎಷ್ಟು ಹೊತ್ತು ಸುಮ್ಮನೆ ನಿಲ್ಲಬೇಕು ಎಂಬುದೂ ತನಗೆ ತಾನೇ ಅಭ್ಯಾಸವಾಗಿತ್ತು. ಅದು ತಮಗೆ ಗೊತ್ತಿದೆ ಎನ್ನುವುದೇ ಕೆಲವು ಸಲ ನಾಚಿಕೆ ತರುತ್ತಿತ್ತು. ಸಭೆ ಮುಗಿದಮೇಲೆ ಜನ ಬಂದು ಕೈ ಹಿಡಿದುಕೊಳ್ಳುತ್ತಿದ್ದರು, ತಮ್ಮ ತಮ್ಮ ಸತ್ತವರನ್ನು ಹೇಳಿಕೊಳ್ಳುತ್ತಿದ್ದರು. ತುಳಸಮ್ಮ ಒಂದು ಸಲವೂ ಕೇಳಲು ಬರಲಿಲ್ಲ.

ಹೋದ ವಾರ ಪ್ರಿಯಾಂಕ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಒಂದು ಹೊಸ ಲೇಖನದ ವಿಷಯ ತೆಗೆದಳು. ತಗಡುಗಳನ್ನು ಸೇರಿಸುವ ಆ ಬಲವನ್ನು ಲೆಕ್ಕ ಹಾಕುವುದಕ್ಕೆ ಶೂನ್ಯ ಬೇಕಾಗಿಯೇ ಇಲ್ಲವಂತೆ. ತಗಡಿನಲ್ಲಿರುವ ಕಣಗಳು ಎದುರಿನ ತಗಡಿನ ಕಣಗಳ ಅಲುಗಾಟಕ್ಕೆ ತಾವೂ ಅಲುಗುತ್ತವೆ, ಎಳೆಯುವುದು ತಗಡುಗಳೇ. ಕಣಗಳ ಆ ಸ್ಪಂದಿಸುವ ಗುಣವನ್ನು ಇಲ್ಲವಾಗಿಸುತ್ತ ಹೋದರೆ ಬಲವೂ ಇಲ್ಲವಾಗುತ್ತದೆ. "ಗೊತ್ತು, ಐವತ್ತು ವರ್ಷ ಹಳೇ ಲೆಕ್ಕ ಅದು" ಎಂದು ಸುಬ್ಬಕೃಷ್ಣ ಪೇಪರು ತಿರುವಿದ್ದರು. ಗೊತ್ತಿದ್ದುದು ನಿಜ. ಯಾವ ದಾರಿಯಲ್ಲಿ ಹೋದರೂ ಉತ್ತರ ಒಂದೇ. ಒಂದೇ ಉತ್ತರಕ್ಕೆ ಎರಡು ಕತೆ ಇದ್ದಾಗ ಒಂದನ್ನು ಆರಿಸಿಕೊಳ್ಳುವುದು ಸುಳ್ಳೇ? ಅಲ್ಲ. ಇನ್ನೊಂದಿದೆ ಎಂದು ಯಾವ ಸಭೆಯಲ್ಲೂ ಬಾಯಿಬಿಡದಿರುವುದು? ಬಸ್ಸು ಮಲ್ಲಸಂದ್ರದಲ್ಲಿ ನಿಂತು, ಬಾಳೆಗೊನೆಯೊಂದು ಹತ್ತಿ, ಮತ್ತೆ ಹೊರಟಿತು.

ಗುಬ್ಬಿಯ ಶಾಲೆಯ ಹಾಲಿನಲ್ಲಿ ಕುರ್ಚಿಗಳು ಸಾಲದೆ ಜಮಖಾನ ಹಾಸಿದ್ದರು. ಅಧ್ಯಕ್ಷರಾದ ರಿಟೈರ್ಡ್ ಹೆಡ್‌ಮಾಸ್ಟರ್ ಆಂಜನಪ್ಪ "ಕೆಮಿಸ್ಟ್ರಿಯಲ್ಲಿ ಅಗಾಧ ಪಾಂಡಿತ್ಯ ಇರುವ ನಮ್ಮ ಸುಬ್ಬಕೃಷ್ಣ ಅವರು" ಎಂದು ಪರಿಚಯಿಸಿದರು. ಯಾರೋ ತಿದ್ದಿದರು. "ಎಲ್ಲಾ ಒಂದೇ ಬಿಡಿ, ಸಯನ್ಸು" ಎಂದು ಆಂಜನಪ್ಪ ನಕ್ಕರು, ಸಭೆಯೂ ನಕ್ಕಿತು, ಸುಬ್ಬಕೃಷ್ಣರೂ ನಗಬೇಕಾಯಿತು. ನಗುತ್ತಿದ್ದ ಮುಖಗಳ ನಡುವೆ ಪ್ರಿಯಾಂಕಳ ಮುಖವನ್ನು ಹುಡುಕಿದರು. ಅವಳು ಕೊನೆಯ ಸಾಲಿನಲ್ಲಿ, ಗೋಡೆಗೆ ಒರಗಿ, ಬಾಗಿಲ ಪಕ್ಕ ಕೂತಿದ್ದಳು. ಅವಳ ಪಕ್ಕ ಈ ಕಾರ್ಯಕ್ರಮಕ್ಕಾಗಿ ಊರೆಲ್ಲ ಓಡಾಡಿದ ರೇವಮ್ಮ. ಎರಡು ವರ್ಷದ ಹಿಂದೆ ಗಂಡ ತೀರಿಕೊಂಡ ಹೊಸತರಲ್ಲಿ ತುಮಕೂರಿನ ಸಭೆಯೊಂದರಲ್ಲಿ ಇವರ ಮಾತು ಕೇಳಿ, ಅಂದಿನಿಂದ ಹಬ್ಬಹಬ್ಬಕ್ಕೂ ಫೋನ್ ಮಾಡುವ ಹೆಂಗಸು. ಹುಡುಗಿಯ ಕಿವಿಯಲ್ಲಿ ಏನೋ ಕೇಳುತ್ತಿದ್ದಳು. ಪ್ರಿಯಾಂಕ ತಲೆಯಾಡಿಸಿದಳು.

ಮಾತು ತನ್ನಷ್ಟಕ್ಕೆ ತಾನು ಸಾಗಿತು. ಎರಡು ಪೋಸ್ಟ್‌ಕಾರ್ಡುಗಳನ್ನು ಎದುರುಬದುರಾಗಿ ಹಿಡಿದು ತೋರಿಸಿದರು. ನಿರ್ವಾತ ಎಂದಾಗ ಜಮಖಾನದ ಮೇಲಿದ್ದ ಹೈಸ್ಕೂಲು ಹುಡುಗರು ವಾತ ಪಿತ್ತ ಎಂದು ಪಿಸುಗುಟ್ಟಿ ಕಿಸಕ್ಕೆಂದದ್ದೂ ಕೇಳಿಸಿತು. ಬಾಯಿ ಹೇಳುತ್ತಿತ್ತು, ಮನಸ್ಸು ಕೊನೆಯ ಸಾಲಿನಲ್ಲಿ ನಿಂತು ಕಾಯುತ್ತಿತ್ತು. ಆ ಜಾಗ ಹತ್ತಿರವಾದಂತೆ ಬಿಡಬೇಕು, ಇಲ್ಲಿಗೇ ಮುಗಿಸಬೇಕು ಎಂದುಕೊಂಡರು. ಇನ್ನೊಂದು ಲೆಕ್ಕವೂ ಇದೆ ಎಂದು ಒಂದು ವಾಕ್ಯ ಸೇರಿಸಿದರೆ ಸಾಕಿತ್ತು. ಆದರೆ ಸಭೆ ಉಸಿರು ಬಿಗಿಹಿಡಿದಿತ್ತು, ಆ ಮೌನದ ರುಚಿ ಅವರಿಗೆ ಗೊತ್ತಿತ್ತು, ಮತ್ತು ಆ ರುಚಿಯೇ ನಾಲಗೆಯನ್ನು ಎಳೆದುಕೊಂಡು ಹೋಯಿತು. "ನನಗೆ ಇದ್ದ ಒಬ್ಬ ಮಗ, ಅಭಿರಾಮ. ಅವನೀಗ ಇಲ್ಲ. ಆದರೆ ಇಲ್ಲ ಅನ್ನೋದು ಸುಮ್ಮನೆ ಕೂರೋದಿಲ್ಲ. ಅದಕ್ಕೂ ಬಲ ಇದೆ. ಅದು ದಿನಾ ನನ್ನ ಬೆನ್ನ ಮೇಲೆ ಕೈಯಿಟ್ಟು ಒತ್ತುತ್ತೆ." ಪೋಸ್ಟ್‌ಕಾರ್ಡುಗಳನ್ನು ಮೇಜಿನ ಮೇಲಿಟ್ಟು ನಿಂತರು. ಚಪ್ಪಾಳೆ ಬಿತ್ತು. ಋಷಿಗಳು ಎಂದೋ ಹೇಳಿದ್ದನ್ನೇ ಇವತ್ತು ವಿಜ್ಞಾನ ಹೇಳುತ್ತಿದೆ ಎಂದು ಆಂಜನಪ್ಪ ಅಧ್ಯಕ್ಷಭಾಷಣ ಮಾಡಿದರು. ಪ್ರಶ್ನೆ ಇದ್ದರೆ ಕೇಳಬಹುದು ಎಂದಾಗ ಸುಬ್ಬಕೃಷ್ಣ ಕೊನೆಯ ಸಾಲಿನ ಕಡೆ ನೋಡಿದರು. ಪ್ರಿಯಾಂಕ ಎದ್ದು ನಿಲ್ಲಲಿಲ್ಲ. ಕೇಳಿದ್ದರೆ ಉತ್ತರ ಸಿದ್ಧವಿತ್ತು. ಕೇಳದೆ, ತಲೆ ತಗ್ಗಿಸಿ ತನ್ನ ಉಗುರು ನೋಡಿಕೊಳ್ಳುತ್ತ ಕೂತ ಅವಳ ಮುಂದೆ ಸಿದ್ಧ ಉತ್ತರ ಹಿಡಿದು ನಿಂತ ತಾವು ಪರೀಕ್ಷೆಗೆ ತಪ್ಪು ವಿಷಯ ಓದಿಕೊಂಡು ಬಂದ ಹುಡುಗನ ಹಾಗಿದ್ದೇವೆ ಅನ್ನಿಸಿತು.

ಊಟಕ್ಕೆ ರೇವಮ್ಮನ ಮನೆಗೆ ಹೋಗಬೇಕಾಗಿತ್ತು. ಪೇಟೆಯ ಹಿಂದಿನ ಬೀದಿಯಲ್ಲಿ ಹೆಂಚಿನ ಮನೆ. ಹಿತಕಿದ ಅವರೆಬೇಳೆ ಸಾರಿನ ಘಮ ಬೀದಿಗೇ ಬರುತ್ತಿತ್ತು. ಜಗಲಿಯ ಮೇಲೆ ಒಂದು ಮಡಿಸುವ ಕುರ್ಚಿ, ಅದರ ಪಕ್ಕ ನೆಲದ ಮೇಲೆ ಮಕ್ಕಳ ಪರೀಕ್ಷೆಯ ಪೇಪರುಗಳ ಕಟ್ಟು, ಪುಸ್ತಕ ತುಂಬಿದ ರಟ್ಟಿನ ಪೆಟ್ಟಿಗೆ. "ನಮ್ಮ ಹುಡ್ಗೀದು ಸಾ, ಮಂಜುಶ್ರೀ ಅಂತ. ಸ್ಕೂಲಲ್ಲಿ ಟೀಚರ್ರು" ಎಂದು ರೇವಮ್ಮ ಪೆಟ್ಟಿಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಒಳಗೆ ಕರೆದಳು. ಮಂಜುಶ್ರೀ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಯಿಂದ ಬಂದು ನಮಸ್ಕಾರ ಮಾಡಿ, ಅವರ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿ, ಪ್ರಿಯಾಂಕಳನ್ನು ಕರೆದುಕೊಂಡು ಒಳಗೆ ಹೋದಳು.

"ಉಣ್ಣಾಕ್ ಮುಂಚೆ ನಿಮ್ಗೊಂದು ತೋರಿಸ್ಬೇಕು ಸಾ. ಅದ್ಕೇ ನಿಮ್ಮನ್ನ ಇಷ್ಟು ದೂರ ಕರ್ಸಿದ್ದು" ಎಂದು ರೇವಮ್ಮ ನಡುಮನೆಯ ಪಕ್ಕದ ಬಾಗಿಲು ತೆಗೆದಳು.

ಖಾಲಿ ಕೋಣೆ. ಸುಣ್ಣ ಬಳಿದ ನಾಲ್ಕು ಗೋಡೆ, ಒಂದು ಕಿಟಕಿ, ಸಾರಿಸಿದ ನೆಲ. ಗೋಡೆಯಲ್ಲಿ ಮೊಳೆಗಳನ್ನು ಕಿತ್ತ ಗುಳಿಗಳಿಗೆ ಸುಣ್ಣ ಮೆತ್ತಲಾಗಿತ್ತು. ದೇವರ ಪಟವಿಲ್ಲ, ಸತ್ತವನ ಫೋಟೋ ಕೂಡ ಇಲ್ಲ.

"ಅವ್ರು ಪ್ರಾಣ ಬಿಟ್ಟಿದ್ದು ಇದೇ ರೂಮಲ್ಲಿ. ಮಂಚ ಇತ್ತು, ಈ ಹುಡ್ಗೀ ಮೇಜು, ಬೀರು, ಎಲ್ಲಾ ಇದ್ವು. ನಿಮ್ಮ ಭಾಷಣ ಕೇಳ್ಕಂಡು ಬಂದ್ನಲ್ಲ ಸಾ, ಮಾರ್ನೇ ದಿನಾನೇ ಎಲ್ಲಾ ಆಚೀಕ್ ಹಾಕ್ಸಿ ಸುಣ್ಣ ಹೊಡಿಸ್ದೆ. ಬರಿದು ಮಾಡಿದ್ರೆ ತಾನೇ ಒತ್ತೋದು? ಬೆಳಿಗ್ಗೆ ಒಂದು ಗಳಿಗೆ, ಸಂಜೆ ಒಂದು ಗಳಿಗೆ ಇಲ್ಲಿ ಕೂರ್ತೀನಿ. ಮಾತಾಡಿಸ್ತೀನಿ. ಒತ್ತುತ್ತೆ ಸಾ. ಇಲ್ಲಿ, ಹೆಗಲ ಮೇಲೆ. ನೀವು ಹೇಳ್ದಂಗೇ." ಅವಳು ಗೋಡೆಗೆ ಬೆನ್ನು ಕೊಟ್ಟು ಕೂತು, ಪಕ್ಕದ ನೆಲವನ್ನು ಕೈಯಿಂದ ತಟ್ಟಿದಳು. "ಕೂತ್ಕಳಿ ಸಾ. ನಿಮ್ಗೂ ಗೊತ್ತಾಗ್ತದೆ."

ಸುಬ್ಬಕೃಷ್ಣ ಕೂತರು. ಮಂಡಿ ಕಟಕ್ಕೆಂದಿತು. ಸುಣ್ಣದ ತಣ್ಣನೆಯ ವಾಸನೆ. ಕಣ್ಣು ಮುಚ್ಚಿಕೊಂಡರು, ಯಾಕೆಂದರೆ ತೆರೆದಿದ್ದರೆ ರೇವಮ್ಮನ ಮುಖ ನೋಡಬೇಕಾಗುತ್ತಿತ್ತು. ತಾವು ಎಷ್ಟೋ ಸಭೆಗಳಲ್ಲಿ ಆಡಿದ ಮಾತನ್ನು ಒಬ್ಬಳು ನಂಬಿ, ಗೋಡೆಯ ಮೊಳೆ ಕಿತ್ತು, ಮಗಳ ಮೇಜನ್ನು ಹೊರಗೆ ಹಾಕಿಸಿ, ಅದರೊಳಗೆ ವಾಸ ಮಾಡುತ್ತಿದ್ದಾಳೆ. ತಾವು ಆ ಮಾತನ್ನಾಡಿ ಬಸ್ಸು ಹತ್ತಿ ಮನೆಗೆ ಹೋಗಿ ಉಂಡು ಮಲಗುತ್ತಿದ್ದೇವೆ. ಬೆನ್ನ ಮೇಲೆ ಕೈ ಇದೆಯೇ? ಕಾದರು. ಹೆಗಲಿನ ಮೇಲೆ ಸಭೆಯಲ್ಲಿ ಹಾಕಿದ ಹಾರದ ಹೂವು ಕೊರೆದ ಜಾಗ ತುರಿಸುತ್ತಿತ್ತು. ಇಷ್ಟು ವರ್ಷ ಒಮ್ಮೆಯಾದರೂ ಒತ್ತಿತ್ತೇ? ಅಥವಾ ಮೊದಲ ದಿನ ಬೋರ್ಡಿನ ಮುಂದೆ ನಿಂತಾಗ ಮಾತ್ರ ನಿಜವಾದ ಏನೋ ಒಂದು ಒತ್ತಿ, ಆಮೇಲೆ ತಾವು ಅದರ ನೆನಪನ್ನು, ನೆನಪಿನ ನೆನಪನ್ನು ಊರೂರಿಗೆ ಹೊತ್ತುಕೊಂಡು ತಿರುಗಿದೆವೇ? ಅಷ್ಟರಲ್ಲಿ ಗೋಡೆಯಾಚೆ ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿದ್ದು ಉರುಳಿತು, ಇಬ್ಬರು ಹುಡುಗಿಯರು ನಕ್ಕರು. ಒಂದು ನಗೆ ಮಂಜುಶ್ರೀಯದು. ಇನ್ನೊಂದು ಯಾರದು ಎಂದು ತಿಳಿಯಲು ಅವರಿಗೆ ಒಂದು ಕ್ಷಣ ಬೇಕಾಯಿತು. ಪ್ರಿಯಾಂಕಳದು.

"ಒತ್ತುತ್ತಾ ಸಾ?"

"ಇಲ್ಲಮ್ಮ" ಎಂದರು. ಧ್ವನಿ ಖಾಲಿ ಕೋಣೆಯಲ್ಲಿ ದೊಡ್ಡದಾಗಿ ಕೇಳಿಸಿತು. "ನನಗೇನೂ ಗೊತ್ತಾಗ್ತಿಲ್ಲ."

"ವಸಿ ಹೊತ್ತು ಕೂತ್ಕಬೇಕು."

"ಅದಲ್ಲ ರೇವಮ್ಮ. ಈ ಮಾತಿಗೆ ಇನ್ನೊಂದು ಲೆಕ್ಕ ಇದೆ. ನಾನು ಅದನ್ನ ಹೇಳಿರಲಿಲ್ಲ. ಶೂನ್ಯ ಒತ್ತುತ್ತೆ ಅಂತ ಏನಿಲ್ಲ. ತಗಡು ತಗಡನ್ನ ಎಳೆಯೋದು ಅಷ್ಟೇನೆ. ತಗಡಿನಲ್ಲಿರೋ ಕಣಗಳೇ ಅದನ್ನ ಮಾಡೋದು. ಶೂನ್ಯಕ್ಕೆ ಬಲ ಇಲ್ಲ."

ಹೇಳಿಬಿಟ್ಟೆ ಎಂಬ ಹಗುರ ಒಂದು ಉಸಿರಿನಷ್ಟು ಹೊತ್ತು ಇತ್ತು. ರೇವಮ್ಮ ಅವರನ್ನು ನೋಡುತ್ತಲೇ ಇದ್ದಳು. ಸಿಟ್ಟಲ್ಲ, ಪೇಟೆಯಲ್ಲಿ ಕೈ ಹಿಡಿದು ನಡೆಸುತ್ತಿದ್ದವರು ಇದ್ದಕ್ಕಿದ್ದಂತೆ ಕೈ ಬಿಟ್ಟಾಗ ಮಕ್ಕಳ ಮುಖದಲ್ಲಿ ಕಾಣುವಂಥದು.

"ಹಂಗಾದ್ರೆ, ಎರಡು ವರ್ಷದಿಂದ ನಾನು ಯಾರ್ ಕೂಡ ಮಾತಾಡ್ತಿದ್ದೆ ಸಾ?"

ರೇವಮ್ಮ ಎದ್ದಳು. "ಮುದ್ದೆ ಆರ್ಕೊಳ್ತದೆ, ಬನ್ನಿ" ಎಂದಳು.

ಊಟದ ಹೊತ್ತಿನಲ್ಲಿ ಅವಳು ಸಾರು ಬಡಿಸಿದಳು, ತುಪ್ಪ ಹಾಕಿದಳು, ಇನ್ನೊಂದು ಮುದ್ದೆ ಬೇಡವೆಂದರೂ ಇಟ್ಟಳು, ಆದರೆ ಅವರ ಕಡೆ ಕಣ್ಣೆತ್ತಲಿಲ್ಲ. ತಟ್ಟೆಯಲ್ಲಿ ಬಿಡಲಾಗದೆ, ನುಂಗಲಾಗದೆ, ಸುಬ್ಬಕೃಷ್ಣ ಮುದ್ದೆಯನ್ನು ಸಣ್ಣ ಸಣ್ಣ ತುತ್ತು ಮಾಡಿ ಶಾಲೆಯ ಹುಡುಗನ ಹಾಗೆ ಮುಗಿಸಿದರು. ಹೊರಡುವಾಗ ರೇವಮ್ಮ ಹಿತ್ತಲಿಗೆ ಹೋಗಿದ್ದಳು. ಬಹಳ ಹೊತ್ತು ನಿಂತರೂ ಬರಲಿಲ್ಲ. ಬಾಗಿಲವರೆಗೆ ಬಂದದ್ದು ಮಂಜುಶ್ರೀ.

"ಅಮ್ಮಂಗೆ ಏನಂದ್ರಿ ಸಾರ್?"

ಹೇಳಿದರು. ಆ ಕೋಣೆ, ಆ ಮೇಜು ಮತ್ತೆ ಇವಳಿಗೆ ಸಿಗಬಹುದು, ಸಂತೋಷಪಟ್ಟಾಳು ಎಂದು ಒಳಗೊಳಗೇ ನಿರೀಕ್ಷಿಸಿದ್ದರೋ ಏನೋ. ಮಂಜುಶ್ರೀ ಬಾಗಿಲ ಚೌಕಟ್ಟು ಹಿಡಿದುಕೊಂಡು ಬೀದಿಯ ಕಡೆ ನೋಡುತ್ತ ಹೇಳಿದಳು:

"ಆ ರೂಮು ನೋಡಿದ್ರೆ ನಂಗೆ ಮೈ ಉರೀತಿತ್ತು. ನಿಮ್ಮ ಮೇಲೂ ಉರೀತಿತ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅಲ್ಲಿ ಕೂತೆದ್ದು ಬಂದ್ಮೇಲೆ ಅಮ್ಮ ಒಂದು ತುತ್ತು ತಿನ್ನೋರು ಸಾರ್. ನೀವು ಬಂದ್ರಿ, ಹೇಳಿದ್ರಿ, ಹೊರಟ್ರಿ. ಸಂಜೆ ಅವ್ರ ಜೊತೆ ಇರೋಳು ನಾನು."

ವಾಪಸ್ಸಿನ ಬಸ್ಸು ಖಾಲಿಯಿತ್ತು. ಪ್ರಿಯಾಂಕ ಈ ಸಲ ಅವರ ಪಕ್ಕದಲ್ಲೇ ಕೂತಳು, ಕಿಟಕಿಗೆ. ತೆಂಗಿನ ತೋಟಗಳ ನೆರಳು ಅವಳ ಮುಖದ ಮೇಲೆ ಬಂದು ಹೋಗುತ್ತಿತ್ತು. ಮೆಚ್ಚಿಕೊಳ್ಳಲಿ ಎಂದಲ್ಲ, ಆದರೂ ಹೇಳಬೇಕೆನ್ನಿಸಿ ಸುಬ್ಬಕೃಷ್ಣ ಹೇಳಿದರು:

"ಸಭೇಲಿ ಬಿಡೋಕಾಗಲಿಲ್ಲ ಕಣೇ. ಆದ್ರೆ ರೇವಮ್ಮಂಗೆ ನಿಜ ಹೇಳ್ಬಿಟ್ಟೆ. ನೀನು ಹೇಳಿದ್ಯಲ್ಲ, ತಗಡಿನ ಲೆಕ್ಕ. ಶೂನ್ಯ ಒತ್ತಲ್ಲ ಅಂತ."

ಪ್ರಿಯಾಂಕ ತಿರುಗಿದಳು. "ಹಂಗಂತ ಹೇಳಿದ್ರಾ? ಒತ್ತಲ್ಲ ಅಂತ?"

"ಮತ್ತೆ?"

"ಅಪ್ಪ, ಎರಡು ಲೆಕ್ಕಾನೂ ಸರಿ. ಉತ್ತರ ಒಂದೇ ಬರುತ್ತೆ. ಉತ್ತರ ಸರಿ ಬಂದ ಮಾತ್ರಕ್ಕೆ ಹಿಂದೆ ಇರೋದು ಶೂನ್ಯಾನಾ, ತಗಡಾ ಅಂತ ಯಾರಿಗೂ ಗೊತ್ತಾಗಲ್ಲ. ಆ ಲೇಖನಾನೂ ಅಷ್ಟೇ ಹೇಳೋದು, ಶೂನ್ಯದಲ್ಲಿ ಶಕ್ತಿ ಇದೆ ಅನ್ನೋಕೆ ಈ ಬಲ ಸಾಕ್ಷಿ ಅಲ್ಲ ಅಂತ. ಇಲ್ಲ ಅನ್ನೋಕೂ ಸಾಕ್ಷಿ ಅಲ್ಲ. ಅವರಿಗೆ ಮೊದಲು ಒಂದನ್ನ ನಂಬಿಸಿದ್ರಿ. ಈಗ ಇನ್ನೊಂದನ್ನ ನಂಬಿಸಿ ಬಂದ್ರಾ?"

ಮೂವತ್ತು ವರ್ಷ ಪಾಠ ಹೇಳಿದ ಸುಬ್ಬಕೃಷ್ಣ ಬಿ.ಎಸ್‌ಸಿ. ಹುಡುಗನಷ್ಟೂ ಎಚ್ಚರವಿಲ್ಲದೆ ಮಾತಾಡಿದ್ದರು. ಅದೂ ತಪ್ಪೊಪ್ಪಿಕೊಳ್ಳುವ ಉತ್ಸಾಹದಲ್ಲಿ. "ಬೆಳಿಗ್ಗೆ ನೀನೇ ಅಂದ್ಯಲ್ಲ ಮತ್ತೆ, ಕೊನೇ ಮಾತು ಬಿಟ್ಬಿಡಿ ಅಂತ" ಎಂದರು, ತೀರಾ ಚಿಕ್ಕ ಧ್ವನಿಯಲ್ಲಿ.

"ಲೆಕ್ಕದ ಮಾತಲ್ಲ ಅಪ್ಪ ಅದು." ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು. "ಇದ್ದ ಒಬ್ಬ ಮಗ ಅಂತೀರಲ್ಲ, ಅದು. ಸುಳ್ಳಲ್ಲ, ಇದ್ದೋನು ಒಬ್ಬನೇ ಮಗ. ಆದ್ರೆ ಅಷ್ಟಂದು ನಿಲ್ಲಿಸ್ತೀರಿ. ನಾನು ಹಿಂದೆ ಕೂತಿರ್ತೀನಿ. ಹೆಬ್ಬೂರಲ್ಲೂ ಕೂತಿದ್ದೆ. ಕಾಲೇಜಲ್ಲೂ ಕೂತಿದ್ದೆ. ಇವತ್ತು ರೇವಮ್ಮೋರು ಕೇಳಿದ್ರು, ನೀವು ಮೇಷ್ಟ್ರ ಶಿಷ್ಯೇನಾ ಅಂತ."

"ಏನಂದೆ?"

"ಹೂಂ ಅಂದೆ."

ಬಸ್ಸಿನ ಸದ್ದು ಒಂದೇ ಸಮನಿತ್ತು. ಏನೇನೋ ಒಂದರ ಮೇಲೊಂದು ನೆನಪಿಗೆ ಬಂದವು. ಎಂ.ಎಸ್‌ಸಿ. ರಿಸಲ್ಟು ಬಂದ ದಿನ ಅವಳು ಪೇಡದ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದಳು; ಮರುದಿನದ ಭಾಷಣಕ್ಕೆ ಪೋಸ್ಟ್‌ಕಾರ್ಡು ಕತ್ತರಿಸುತ್ತಿದ್ದ ತಾವು ಅಲ್ಲಿಡು, ಆಮೇಲೆ ತಿಂತೀನಿ ಎಂದಿದ್ದರು. ತಿಂದರೋ ಇಲ್ಲವೋ. ಆಸ್ಪತ್ರೆಯ ವರಾಂಡದಲ್ಲಿ ಅವಳೆಲ್ಲಿದ್ದಳು? ತುಳಸಮ್ಮ ನೆಲದ ಮೇಲೆ ಬಿದ್ದು ಹೊರಳುತ್ತಿದ್ದದ್ದು, ಬ್ಯಾಂಡೇಜು ಕಟ್ಟಿಕೊಂಡ ಆ ಹುಡುಗ, ಪೊಲೀಸಿನವನು ಎಲ್ಲರೂ ಅವರವರ ಜಾಗದಲ್ಲಿ ಸ್ಪಷ್ಟವಾಗಿ ಕಾಣುತ್ತಾರೆ. ಪ್ರಿಯಾಂಕ ಎಲ್ಲಿ ನಿಂತಿದ್ದಳು, ಯಾರು ಅವಳಿಗೆ ಸುದ್ದಿ ಹೇಳಿದರು, ಅವಳನ್ನು ಮನೆಗೆ ಯಾರು ಕರೆತಂದರು? ಎಷ್ಟು ಹುಡುಕಿದರೂ ಆ ವರಾಂಡದಲ್ಲಿ ಅವಳು ಸಿಗಲಿಲ್ಲ. ಮಗನ ಶೂನ್ಯದ ಬಗ್ಗೆ ಊರೂರಲ್ಲಿ ಮಾತಾಡುತ್ತ, ಇರುವವಳನ್ನು ತಾವು ಗೋಡೆಯ ಮೊಳೆಯಂತೆ ಕಿತ್ತು ಸುಣ್ಣ ಮೆತ್ತಿದ್ದರು.

"ಆ ದಿನ ಆಸ್ಪತ್ರೇಲಿ ನೀನೆಲ್ಲಿದ್ದೆ?" ಎಂದು ಕೇಳಿದರು.

"ಬ್ಲಡ್ ಕೊಡ್ತಿದ್ದೆ" ಎಂದಳು. "ಅದೇ ಗ್ರೂಪು ನಂದು. ಕೊಟ್ಟು ಎದ್ದು ಬರೋ ಹೊತ್ತಿಗೆ ಮುಗಿದಿತ್ತು. ಆಮೇಲೆ ಅದನ್ನ ಏನು ಮಾಡಿದ್ರೋ, ಯಾರಿಗೆ ಕೊಟ್ರೋ."

ಮುಂದಿನ ಸ್ಟಾಪಿನಲ್ಲಿ ಸುಬ್ಬಕೃಷ್ಣ ಎದ್ದರು. ಕಂಡಕ್ಟರು "ತುಮ್ಕೂರ್ ಇನ್ನೂ ದೂರ ಐತೆ ಯಜಮಾನ್ರೇ" ಎಂದ. "ಗೊತ್ತಪ್ಪ" ಎಂದು ಇಳಿದರು. ಪ್ರಿಯಾಂಕ ಬ್ಯಾಗು ಎತ್ತಿಕೊಂಡು ಹಿಂದೆಯೇ ಇಳಿದಳು. ರಸ್ತೆ ದಾಟಿ, ಎದುರು ಬದಿಯಲ್ಲಿ, ಗುಬ್ಬಿ ಕಡೆಗೆ ಹೋಗುವ ಬಸ್ಸಿಗೆ ಕೈ ಮಾಡಲು ನಿಂತರು. ಬಿಸಿಲು ಇಳಿಯುತ್ತಿತ್ತು.

"ಏನಂತ ಹೇಳ್ತೀರಿ ಅವರಿಗೆ?"

"ಗೊತ್ತಿಲ್ಲ."

"ಮತ್ತೆ?"

"ಅವರನ್ನ ಹಂಗೇ ಬಿಟ್ಟು ಬಂದ್ಬಿಟ್ವಲ್ಲ. ಹೋಗೋಣ. ಬಯ್ದ್ರೆ ಬಯ್ಯಲಿ."

ದೀಪ ಹಚ್ಚುವ ಹೊತ್ತಿಗೆ ರೇವಮ್ಮನ ಮನೆ ಮುಟ್ಟಿದರು. ಬಾಗಿಲು ತೆಗೆದ ಮಂಜುಶ್ರೀ ಇಬ್ಬರನ್ನೂ ನೋಡಿ, ಬನ್ನಿ ಎನ್ನದೆ, ದಾರಿ ಮಾತ್ರ ಬಿಟ್ಟಳು. ಖಾಲಿ ಕೋಣೆಯ ಬಾಗಿಲು ತೆರೆದಿತ್ತು. ರೇವಮ್ಮ ಒಳಗೆ ಹೋಗದೆ ಹೊಸ್ತಿಲ ಮೇಲೆ ಕೂತಿದ್ದಳು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ. ಲೈಟು ಹಾಕಿರಲಿಲ್ಲ.

"ಮತ್ಯಾಕ್ ಬಂದ್ರಿ ಸಾ? ಇನ್ನೂ ಏನಾರಾ ಉಳ್ದಿತ್ತಾ?"

ದಾರಿಯುದ್ದಕ್ಕೂ ಕೂಡಿಸಿಕೊಂಡ ವಾಕ್ಯಗಳು, ಎರಡು ಲೆಕ್ಕಗಳು, ಯಾವುದೂ ತಿಳಿಯದೆಂಬ ವಿವರಣೆ ಸುಬ್ಬಕೃಷ್ಣರ ಬಾಯಿಗೆ ಬಂದು ಹಾಗೆಯೇ ಹಿಂದಕ್ಕೆ ಹೋದವು. "ನನಗೆ ಇಬ್ಬರು ಮಕ್ಕಳು ರೇವಮ್ಮ" ಎಂದರು. "ಮಗ ಹೋದ. ಇವಳು ನನ್ನ ಮಗಳು. ಪ್ರಿಯಾಂಕ ಅಂತ. ಕುಣಿಗಲ್‌ನಲ್ಲಿ ಪಾಠ ಹೇಳ್ತಾಳೆ. ನನಗಿಂತ ಚೆನ್ನಾಗಿ ಗೊತ್ತು ಇವಳಿಗೆ. ಮಧ್ಯಾಹ್ನ ನಾನು ನಿಮಗೆ ಹೇಳಿದ್ದು ಸರಿಯಿಲ್ಲ. ಮುಂಚೆ ಹೇಳಿದ್ದೂ ಪೂರ್ತಿ ಸರಿಯಿಲ್ಲ. ನೀವು ಯಾರ ಜೊತೆ ಮಾತಾಡ್ತಿದ್ರಿ ಅಂತ ಕೇಳಿದ್ರಲ್ಲ, ಅದು ನನಗೆ ಗೊತ್ತಿಲ್ಲಮ್ಮ. ಯಾವ ಲೆಕ್ಕದಲ್ಲೂ ಅದು ಬರಲ್ಲ."

ರೇವಮ್ಮ ಅವರ ಮಾತನ್ನು ಕೇಳಿದಳೋ ಇಲ್ಲವೋ. ಅವಳು ಪ್ರಿಯಾಂಕಳನ್ನು ನೋಡುತ್ತಿದ್ದಳು. "ಮಗಳಾ? ಬೆಳಿಗ್ಗೆ ಶಿಷ್ಯೆ ಅಂದ್ಯಲ್ಲವ್ವ" ಎಂದಳು. ರೇವಮ್ಮ ಇವರ ಮುಖ ಅವಳ ಮುಖ ಎರಡನ್ನೂ ತೂಗಿ ನೋಡಿ, ಏನನ್ನೋ ಅರ್ಥ ಮಾಡಿಕೊಂಡವಳಂತೆ, ಕಾಲು ಮಡಿಸಿ ಜರುಗಿ ಹೊಸ್ತಿಲಲ್ಲಿ ಜಾಗ ಮಾಡಿದಳು. "ಮಂಜು, ಚಾಪೆ ತತ್ತಾ. ಎಲ್ಲಿಗೆ ಅಂತ ನೋಡ್ತಿಯಲ್ಲ, ಒಳೀಕೇ ಹಾಸು. ನಿಂತವ್ರೆ."

ಮಂಜುಶ್ರೀ ಲೈಟು ಹಾಕಿ ಚಾಪೆ ಹಾಸಿದಳು. ನಾಲ್ವರೂ ಕೂತರು. ಬರಿಗೋಡೆಗಳ ನಡುವೆ ಉಸಿರೂ ಕೇಳಿಸುವಂತಿತ್ತು. ಪ್ರಿಯಾಂಕ ಕೇಳಿದಳು: "ಅವರ ಹೆಸರೇನಮ್ಮ? ನಿಮ್ಮನೆಯವರದ್ದು?"

"ಹೆಸ್ರಾ?" ರೇವಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "ಗಂಗ... ಗಂಗಹನುಮಯ್ಯ. ಕುಣಿಗಲ್ ಲೈನಲ್ಲಿ ಪ್ರೈವೇಟ್ ಬಸ್ ಕಂಡಕ್ಟರು. ಮಹಾ ಕೋಪಿಷ್ಟ್ರು ಕಣವ್ವ. ಸಾರಿಗೆ ಒಂದ್ಕಲ್ಲು ಉಪ್ಪು ಜಾಸ್ತಿಯಾದ್ರೆ ತಟ್ಟೆ ತಳ್ಳಿ ಎದ್ದೋಗೋರು. ಒಂದ್ಸಲ ಕುಣಿಗಲ್ ಕೆರೆ ಹತ್ರ ಬಸ್ ನಿಲ್ಸಿ, ನನ್ನ ಇಳ್ಸಿ, ನಡ್ಕಂಡ್ ಬಾ ಅಂದ್ಬುಟ್ರು. ಎಲ್ರ ಎದುರ್ಗೇ! ಕಂಕುಳಲ್ಲಿ ಇವ್ಳು."

"ಕುಣಿಗಲ್ ಕೆರೆ ಅಲ್ಲಮ್ಮ, ಗುಬ್ಬಿ ಕೆರೆ" ಎಂದಳು ಮಂಜುಶ್ರೀ.

"ನಿಂಗೇನೇ ಗೊತ್ತು? ನೀನಾಗ ಮೊಲೆ ಕುಡಿಯೋ ಮಗು."

"ಅಪ್ಪಾನೇ ನೂರು ಸಲ ಹೇಳಿದಾರೆ. ಆಮೇಲೆ ಓಡ್ಬಂದು ಕಡ್ಲೆಕಾಯಿ ಕೊಡ್ಸಿದ್ರಂತೆ."

"ಕಡ್ಲೆಕಾಯಂತೆ! ಎಳೇ ಸೌತೆಕಾಯಿ ಕಣೇ ಅದು. ಉಪ್ಪು ಖಾರ ಹಾಕ್ಸಿ. ನಾನು ಈಸ್ಕಳ್ನಿಲ್ಲ, ಎಸ್ದೆ. ತಿರ್ಗಾ ಇನ್ನೊಂದು ತಂದ್ರು." ರೇವಮ್ಮನ ಧ್ವನಿ ಏರಿತು, ಬರಿಗೋಡೆಗಳಿಗೆ ಬಡಿದು ಇನ್ನಷ್ಟು ಏರಿತು. "ನಂಗೊತ್ತಿಲ್ವಾ? ಎಸ್ದೋಳು ನಾನು. ಸತ್ತೋರು ನಿಂಗೊಂದು ಹೇಳವ್ರೆ ಅಂದ್ರೆ ಅದೇ ನಿಜಾನಾ?"

"ಹಂಗಾದ್ರೆ ಅಪ್ಪ ಸುಳ್ಳು ಹೇಳಿದ್ರಾ?"

"ಹೇಳೋರು! ಬಾಯ್ಬಿಟ್ರೆ ಹೇಳೋರು!" ಎಂದು ರೇವಮ್ಮ ನೆಲ ಗುದ್ದಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯುವಂತಿರಲಿಲ್ಲ. ಕಣ್ಣಿಂದ ನೀರಂತೂ ಇಳಿಯುತ್ತಿತ್ತು. ಮಂಜುಶ್ರೀ ಚಾಪೆಯ ಮೇಲೆ ಜರುಗಿ ಅಮ್ಮನ ಮೊಣಕಾಲಿಗೆ ತನ್ನ ಮೊಣಕಾಲು ತಾಗಿಸಿಕೊಂಡು ಕೂತು, "ಆದ್ರೂ ಗುಬ್ಬಿ ಕೆರೇನೇ" ಎಂದಳು.

"ಸೌತೆಕಾಯಿ ಅಂದ್ರೆ ಕುಣಿಗಲ್ಲೇ ಇರಬೇಕು" ಎಂದಳು ಪ್ರಿಯಾಂಕ, ನ್ಯಾಯ ಹೇಳುವವಳಂತೆ. "ಈಗಲೂ ಅಲ್ಲಿ ಬಸ್ ನಿಂತ ತಕ್ಷಣ ಹೆಂಗಸೊಬ್ರು ಕಿಟಕಿ ಹತ್ರ ಬುಟ್ಟಿ ಎತ್ತಿ ಹಿಡೀತಾರೆ. ಸೌತೆಕಾಯೀನೇ. ಎರಡಾಗಿ ಸೀಳಿ ಉಪ್ಪು ಖಾರ ಸವರಿ ಕೊಡ್ತಾರೆ. ನನ್ನ ನೋಡಿದ್ರೆ ಕೇಳೋ ಮುಂಚೆನೇ ಸೀಳಿಬಿಡ್ತಾರೆ."

ಸುಬ್ಬಕೃಷ್ಣ ಮಗಳ ಕಡೆ ತಿರುಗಿದರು. ಹೆಬ್ಬೂರಿನ ಮೇಲೆ ಹಾದು ಕುಣಿಗಲ್ಲಿಗೆ ಹೋಗುವ ಆ ರಸ್ತೆ ಅವರಿಗೆ ಗೊತ್ತು. ಆ ರಸ್ತೆಯಲ್ಲಿ ಬುಟ್ಟಿ ಹಿಡಿದ ಹೆಂಗಸೊಬ್ಬಳು ತಮ್ಮ ಮಗಳ ಮುಖ ಗುರುತಿಟ್ಟುಕೊಂಡಿದ್ದಾಳೆ.

"ನೀನು ಸೌತೆಕಾಯಿ ತಿಂತೀಯಾ?" ಎಂದು ಕೇಳಿದರು.

"ದಿನಾ ತಿಂತೀನಿ, ಅಪ್ಪ."